ಹೊಳೆ ಹಂಚಿಕೊಂಡವರು

ಇಂಗ್ಲಿಷಿನಲ್ಲಿ ‘ರೈವಲ್’ ಎಂಬ ಪದವೊಂದಿದೆ. ಎದುರಾಳಿ, ಪ್ರತಿಸ್ಪರ್ಧಿ ಎಂದು ನಾವು ಅದನ್ನು ಕನ್ನಡಕ್ಕೆ ತಂದುಕೊಳ್ಳುತ್ತೇವೆ. ಶಾಲೆಯ ಓಟದ ಪಂದ್ಯದಿಂದ ಚುನಾವಣೆಯ ಕಣದವರೆಗೆ ಎಲ್ಲೆಲ್ಲೂ ಕೇಳಿಬರುವ ಈ ಮಾತು ಹುಟ್ಟಿದ್ದು ಒಂದು ಕಾಲುವೆಯ ದಂಡೆಯಲ್ಲಿ ಎಂದರೆ ನಿಮಗೆ ಸೋಜಿಗವೆನಿಸಬಹುದು. ಲತೀನ್ ಭಾಷೆಯಲ್ಲಿ ‘ರೀವುಸ್’ ಎಂದರೆ ತೊರೆ. ಒಂದೇ ತೊರೆಯ ನೀರನ್ನು ತಮ್ಮ ತಮ್ಮ ಹೊಲಗಳಿಗೆ ಹಾಯಿಸಿಕೊಳ್ಳುವ ನೆರೆಹೊರೆಯವರೇ ‘ರೀವಾಲೆಸ್’. ಮೂರನೆಯ ಶತಮಾನದ ರೋಮಿನ ನ್ಯಾಯಶಾಸ್ತ್ರಜ್ಞ ಉಲ್ಪಿಯಾನನು ಈ ಪದವನ್ನು ಇದೇ ಅರ್ಥದಲ್ಲಿ ಬಳಸಿದ್ದಾನೆ. ಅಲ್ಲಿ ಆ ಪದದಲ್ಲಿ ದ್ವೇಷವಿಲ್ಲ, ಪಾಲುದಾರಿಕೆ ಮಾತ್ರವಿದೆ. ಆದರೆ ಒಂದೇ ನೀರಿಗೆ ಇಬ್ಬರು ಬಾಗಿದರೆ ಜಗಳಕ್ಕೆ ಎಷ್ಟು ಹೊತ್ತು ಬೇಕು? ಪಾಲುದಾರನು ಎದುರಾಳಿಯಾದನು. ಪದ ಹಾಗೆಯೇ ಉಳಿಯಿತು, ಅರ್ಥ ಮಗ್ಗುಲು ಬದಲಿಸಿತು.

ನಾವು ಇದನ್ನು ಕೇಳಿ ರೋಮನ್ನರನ್ನು ನೋಡಿ ನಗುವಂತಿಲ್ಲ. ನಮ್ಮ ‘ದಾಯಾದಿ’ಯ ಕಥೆಯೂ ಅದೇ ಅಲ್ಲವೇ? ‘ದಾಯ’ ಎಂದರೆ ಪಾಲು. ಹಿರಿಯರ ಆಸ್ತಿಯಲ್ಲಿ ಪಾಲು ಪಡೆಯುವವನು ದಾಯಾದಿ. ಒಂದೇ ಮನೆಯ ರಕ್ತ, ಒಂದೇ ಹೊಲದ ಅನ್ನ. ಆದರೂ ದಾಯಾದಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮತ್ಸರ, ಬೇಲಿ, ಕೋರ್ಟು. ಅಲ್ಲಿ ನೀರಿನಿಂದ, ಇಲ್ಲಿ ನೆಲದಿಂದ, ಎರಡು ಭಾಷೆಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಡೆ ಬಂದು ನಿಂತಿವೆ.

ಪ್ರೌಢಶಾಲೆಯೊಂದರಲ್ಲಿ ಮೂರು ದಶಕ ಇಂಗ್ಲಿಷ್ ಪಾಠ ಹೇಳಿದವನು ನಾನು. ವ್ಯಾಕರಣಕ್ಕಿಂತ ಪದಗಳ ಹುಟ್ಟನ್ನು ಹೇಳುವಾಗ ಮಕ್ಕಳು ಹೆಚ್ಚು ಕಿವಿಗೊಡುತ್ತಾರೆಂಬುದು ನನ್ನ ಅನುಭವ. ಇಂಗ್ಲಿಷಿನ ಒಡಲಲ್ಲಿ ನದಿಗಳು ಎಷ್ಟೊಂದು ಕಡೆ ಗುಪ್ತವಾಗಿ ಹರಿಯುತ್ತವೆ ನೋಡಿ. ‘ಡಿರೈವ್’ ಎಂಬ ಕ್ರಿಯಾಪದವು ತೊರೆಯಿಂದ ನೀರನ್ನು ಸೆಳೆದುಕೊಳ್ಳುವುದರಿಂದ ಬಂದದ್ದು. ಇಂದು ಒಂದು ಪದದ ಮೂಲವನ್ನು ಹುಡುಕುವ ಕೆಲಸಕ್ಕೂ ಅದೇ ಹೆಸರು. ನದೀಮೂಲ, ಋಷಿಮೂಲ ಹುಡುಕಬಾರದು ಎನ್ನುವ ನಮ್ಮ ಹಿರಿಯರು ಇದನ್ನು ಕೇಳಿದ್ದರೆ ತಲೆಯಾಡಿಸುತ್ತಿದ್ದರು! ‘ಅರೈವ್’ ಎಂದರೆ ಮೊದಲಿಗೆ ದಡ ಮುಟ್ಟುವುದು. ಈಗಿನ ಟರ್ಕಿ ದೇಶದಲ್ಲಿ ಬಳುಕುತ್ತ ಹರಿಯುವ ಒಂದು ನದಿಯ ಹೆಸರೇ, ಗೊತ್ತುಗುರಿಯಿಲ್ಲದೆ ಅಲೆಯುವುದಕ್ಕೆ ‘ಮಿಯಾಂಡರ್’ ಎಂಬ ಪದವಾಗಿ ನಿಂತಿದೆ. ಇನ್ನು ನಂಬಿದವರಿಗೆ ದ್ರೋಹ ಬಗೆಯುವುದನ್ನು ‘ಹೊಳೆಯ ಕೆಳಗಡೆಗೆ ಮಾರಿದರು’ ಎನ್ನುವ ನುಡಿಗಟ್ಟು ಆ ಭಾಷೆಯಲ್ಲಿದೆ. ಅಮೆರಿಕದಲ್ಲಿ ಗುಲಾಮರನ್ನು ಹೆಂಡತಿ ಮಕ್ಕಳಿಂದ ಅಗಲಿಸಿ, ಮಿಸಿಸಿಪ್ಪಿ ನದಿಯ ಕೆಳಭಾಗದ ಹತ್ತಿ ತೋಟಗಳಿಗೆ ಮಾರುತ್ತಿದ್ದ ಕಾಲದ ಮಾತು ಅದು. ಅದನ್ನು ತರಗತಿಯಲ್ಲಿ ಹೇಳಿದ ದಿನ ಮಕ್ಕಳು ಮೌನವಾಗಿ ಕುಳಿತದ್ದು ನನಗೆ ನೆನಪಿದೆ.

ಊರ ಹೆಸರುಗಳಲ್ಲಂತೂ ನದಿ ಬಹಿರಂಗವಾಗಿಯೇ ಇದೆ. ಎತ್ತುಗಳು ಹೊಳೆ ಹಾಯುತ್ತಿದ್ದ ಜಾಗ ಆಕ್ಸ್‌ಫರ್ಡ್ ಆಯಿತು. ಪ್ಲಿಮ್ ನದಿಯ ಬಾಯಿ ಪ್ಲಿಮತ್ ಆಯಿತು. ಶೇಕ್ಸ್‌ಪಿಯರ್ ಹುಟ್ಟಿದ ಊರಿನ ಪಕ್ಕದಲ್ಲಿ ಹರಿಯುವ ಏವನ್ ನದಿಯ ಕಥೆ ಇನ್ನೂ ಸ್ವಾರಸ್ಯದ್ದು. ಇಂಗ್ಲಿಷರಿಗಿಂತ ಮೊದಲು ಆ ನಾಡಿನಲ್ಲಿದ್ದವರ ಭಾಷೆಯಲ್ಲಿ ಏವನ್ ಎಂದರೆ ‘ನದಿ’ ಎಂದೇ ಅರ್ಥ. ಹೊಸಬರು ಬಂದು ಬೊಟ್ಟುಮಾಡಿ ಕೇಳಿರಬೇಕು. ಹಳಬರು ‘ನದಿ’ ಎಂದಿರಬೇಕು. ಹೀಗಾಗಿ ಇಂಗ್ಲೆಂಡಿನಲ್ಲಿ ‘ನದಿ ನದಿ’ ಎಂಬ ಹೆಸರಿನ ನದಿ ಒಂದಲ್ಲ, ಹಲವಿವೆ. ನಮ್ಮ ಕೂಡಲಸಂಗಮವೂ ಇದೇ ಜಾತಿಯದು. ಕೂಡಲ ಎಂದರೂ ನದಿಗಳು ಕೂಡುವ ಸ್ಥಳವೇ, ಸಂಗಮ ಎಂದರೂ ಅದೇ. ಒಂದು ಕನ್ನಡ, ಇನ್ನೊಂದು ಸಂಸ್ಕೃತ. ಕೃಷ್ಣೆ ಮಲಪ್ರಭೆಗಳ ಜೊತೆಗೆ ಅಲ್ಲಿ ಎರಡು ಭಾಷೆಗಳೂ ಕೂಡಿಕೊಂಡಿವೆ.

ಇಷ್ಟೆಲ್ಲ ಹೇಳುವ ನಾನಿರುವುದು ರವೀಂದ್ರನಾಥ ಟ್ಯಾಗೋರ್ ನಗರದಲ್ಲಿ, ಎಂದರೆ ನೀವೆಲ್ಲರೂ ಆರ್.ಟಿ. ನಗರ ಎನ್ನುವ ಬಡಾವಣೆಯಲ್ಲಿ. ಇಲ್ಲಿ ನದಿ ಎಲ್ಲಿದೆ? ಲಂಡನ್ನಿಗೆ ಥೇಮ್ಸ್ ಇದೆ, ಶ್ರೀರಂಗಪಟ್ಟಣಕ್ಕೆ ಕಾವೇರಿಯಿದೆ. ಬೆಂಗಳೂರು ದಿಣ್ಣೆಯ ಮೇಲೆ ಕುಳಿತ ಊರು. ದೊಡ್ಡ ಹೊಳೆಯೊಂದು ಇದರ ಮಗ್ಗುಲಲ್ಲಿ ಎಂದೂ ಹರಿದಿಲ್ಲ. ಆದ್ದರಿಂದ ಹಿಂದಿನವರು ಹಳ್ಳಕ್ಕೆ ಅಡ್ಡಲಾಗಿ ಕಟ್ಟೆ ಕಟ್ಟಿ, ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ನೀರು ಇಳಿಯುವಂತೆ ಸರಪಳಿ ಮಾಡಿದರು. ಹಾಗೆ ಕಟ್ಟಿದ ಕೆರೆಗೆ ಅವರಿಟ್ಟ ಹೆಸರನ್ನು ನೋಡಿ. ನಮ್ಮ ಸುತ್ತಿನ ಭೂಪಸಂದ್ರ, ನಾಗಸಂದ್ರ, ತಣಿಸಂದ್ರ ಈ ಎಲ್ಲ ಊರುಗಳ ಬಾಲದಲ್ಲಿರುವ ‘ಸಂದ್ರ’ ಎಂಬುದು ‘ಸಮುದ್ರ’ದ ಸವೆದ ರೂಪ. ಹೊಳೆಯನ್ನೇ ಕಾಣದ ಊರಿನವರು ಕೆರೆಯನ್ನು ಸಮುದ್ರವೆಂದು ಕರೆದರು! ಬಡವನ ಬಾಯಿಯ ಬಡಾಯಿ ಎಂದು ನೀವು ನಗಬೇಡಿ. ಶುಭಸಂದೇಶಗಳಲ್ಲಿ ಬರುವ ಗಲಿಲೇಯ ಸಮುದ್ರವೂ ಒಂದು ಸಿಹಿನೀರಿನ ಸರೋವರವೇ. ಮತ್ತಾಯ, ಮಾರ್ಕ, ಯೊವಾನ್ನ ಅದನ್ನು ಸಮುದ್ರವೆಂದರೆ, ಲೂಕನು ಮಾತ್ರ ಸರೋವರವೆಂದು ಬರೆಯುತ್ತಾನೆ. ಅವನು ವಿಶಾಲ ಲೋಕವನ್ನು ಕಂಡು ಬಲ್ಲವನಾಗಿರಬೇಕು. ದೋಣಿಯಲ್ಲಿ ಕುಳಿತು ಬಲೆ ಬೀಸಿ ಹೊಟ್ಟೆ ಹೊರೆಯುತ್ತಿದ್ದ ಪೇತ್ರನಿಗೆ ಅದು ಸಮುದ್ರವಲ್ಲದೆ ಮತ್ತೇನು?

ಹೆಬ್ಬಾಳದ ಹೆಸರಿನ ವಿಚಾರ ಸ್ವಲ್ಪ ನಿಂತು ನೋಡಬೇಕಾದದ್ದು. ಹಿರಿದಾದ ಹಳ್ಳವಿದ್ದುದರಿಂದ ಹೆಬ್ಬಾಳ ಎಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ಕೇಳಲು ಹಿತವಾಗಿಯೂ ಇದೆ. ಆದರೆ 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಯ ಕೆಲಸ ನಡೆಯುತ್ತಿದ್ದಾಗ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಊರಿನ ಮೇಲೆ ದಾಳಿಯಾದಾಗ ಹೋರಾಡಿ ಮಡಿದ ಕಿತ್ತಯ್ಯನೆಂಬವನ ಸ್ಮರಣೆಗೆ ನಿಲ್ಲಿಸಿದ ಕಲ್ಲು ಅದು. ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಬರಹಗಳಲ್ಲಿ ಅತ್ಯಂತ ಹಳೆಯದು. ಅದರಲ್ಲಿ ಈ ಸೀಮೆಯ ಹೆಸರು ‘ಪೆರ್ಬೊಳಲ್ನಾಡು’ ಎಂದಿದೆ. ‘ಪೆರ್’ ಎಂದರೆ ಹಿರಿಯ, ‘ಪೊಳಲ್’ ಎಂದರೆ ಪಟ್ಟಣ. ಹಾಗಾದರೆ ಹೆಬ್ಬಾಳವು ಹೆಬ್ಬಳ್ಳವಲ್ಲ, ಹಿರಿಯೂರು.

ಹಳ್ಳ ಕೈತಪ್ಪಿತೆಂದು ನಾನೇನೂ ದುಃಖಪಡಲಿಲ್ಲ. ಏಕೆಂದರೆ ಆ ಕಲ್ಲು ಬೇರೊಂದು ಸಂಗತಿಯನ್ನು ಕೈಗಿಟ್ಟಿತು. ಕಿತ್ತಯ್ಯನ ಕಾಲದ ಕನ್ನಡಿಗನು ‘ಹೆ’ ಎನ್ನುತ್ತಿರಲಿಲ್ಲ, ‘ಪೆ’ ಎನ್ನುತ್ತಿದ್ದನು. ಹಾಲು ಅವನಿಗೆ ‘ಪಾಲ್’ ಆಗಿತ್ತು, ಹಾವು ‘ಪಾವು’ ಆಗಿತ್ತು. ನಮ್ಮ ಹೊಳೆಗೂ ಹಳೆಯ ರೂಪ ‘ಪೊಳೆ’. ಮಲಯಾಳದವರು ಇಂದಿಗೂ ನದಿಯನ್ನು ‘ಪುಳ’ ಎನ್ನುವುದನ್ನು ನೀವು ಕೇಳಿರಬಹುದು. ಮುಂದೆ ಕೆಲವು ಶತಮಾನಗಳಲ್ಲಿ ಕನ್ನಡದ ಪದಗಳ ಮೊದಲಿನ ಪಕಾರ ಸಡಿಲಗೊಂಡು ಹಕಾರವಾಯಿತು. ತಮಿಳಿನಲ್ಲಿ ಅದು ಪಕಾರವಾಗಿಯೇ ಉಳಿಯಿತು. ಈ ಹಕಾರವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೊದಲು ದಿಣ್ಣೆಯ ಮಾತು ಮುಗಿಸೋಣ. ಬೆಂಗಳೂರಿನ ನಡುವೆ ಉತ್ತರ ದಕ್ಷಿಣವಾಗಿ ಒಂದು ಎತ್ತರದ ಏಣು ಹಾದುಹೋಗಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಪಾಲು. ಯಲಹಂಕ, ಜಕ್ಕೂರು, ರಾಚೇನಹಳ್ಳಿ, ಹೆಬ್ಬಾಳ, ನಾಗವಾರ ಈ ಕೆರೆಗಳ ನೀರೆಲ್ಲ ಕಲ್ಕೆರೆಯ ಕಡೆಗಿಳಿದು, ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಮೂಲಕ ಪಿನಾಕಿನಿಗೆ ಹೋಗುತ್ತದೆ. ಇಂತಹ ನೀರು ಕವಲೊಡೆಯುವ ಏಣಿಗೆ ಇಂಗ್ಲಿಷಿನಲ್ಲಿ ‘ವಾಟರ್‌ಶೆಡ್’ ಎಂದು ಹೆಸರು. ಚರಿತ್ರೆಯಲ್ಲಿ ದೊಡ್ಡ ತಿರುವು ಬಂದಾಗಲೂ ಅದೇ ಪದವನ್ನು ಬಳಸುತ್ತಾರೆ. ನಮ್ಮ ಪಾಲಿಗೆ ಅದು ಅಲಂಕಾರವಲ್ಲ. ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಸತ್ಯ.

ಹೇಗೆಂದರೆ, 1896ರಿಂದ ದಶಕಗಳ ಕಾಲ ಈ ನಗರಕ್ಕೆ ಹೆಸರಘಟ್ಟದಿಂದ ಅರ್ಕಾವತಿಯ ನೀರು ಬರುತ್ತಿತ್ತು. 1974ರಲ್ಲಿ ಕಾವೇರಿಯೇ ಬಂದಳು. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಿಂದ ಬೆಟ್ಟವೇರಿದಂತೆ ಏರಿ ಬರುವ ನೀರು ಅದು. ಆದರೆ ನದೀನೀರಿನ ಲೆಕ್ಕದಲ್ಲಿ ಯಾವ ಊರು ಯಾವ ನದಿಯ ಕಣಿವೆಗೆ ಸೇರಿದ್ದು ಎಂಬ ಪ್ರಶ್ನೆಯಿದೆ. 2007ರ ತೀರ್ಪಿನಲ್ಲಿ ಕಾವೇರಿ ನ್ಯಾಯಮಂಡಳಿಯು ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆಯೆಂದು ಪರಿಗಣಿಸಿತು. ಹೆಬ್ಬಾಳದ, ಆರ್.ಟಿ. ನಗರದ ನಾವೆಲ್ಲ ಆ ಲೆಕ್ಕದ ಹೊರಗೆ ನಿಂತವರು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಇಡೀ ನಗರದ ಬಾಯಾರಿಕೆಯನ್ನು ಒಂದೇ ಎಂದು ಎಣಿಸಿ, ಕುಡಿಯುವ ನೀರಿಗೆಂದು 4.75 ಟಿ.ಎಂ.ಸಿ. ಅಡಿ ಸೇರಿಸಿ, ಒಟ್ಟು 14.75 ಟಿ.ಎಂ.ಸಿ. ಅಡಿಯನ್ನು ಕರ್ನಾಟಕಕ್ಕೆ ಹೆಚ್ಚಾಗಿ ಕೊಟ್ಟಿತು. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಗಾದೆ ನಮ್ಮಲ್ಲಿದೆ. ಈಗ ಹೊಳೆಯನ್ನೇ ಅಳೆಯುವ ಕಾಲ ಬಂದು, ‘ಟಿ.ಎಂ.ಸಿ.’ ಎಂಬ ಮೂರಕ್ಷರ ಇಂಗ್ಲಿಷ್ ಓದದ ರೈತನ ಬಾಯಲ್ಲೂ ಕನ್ನಡವಾಗಿದೆ.

ನೀರಿನ ಜಗಳ ಹೆಸರಾಗಿ ನಿಲ್ಲುವುದು ಹೊಸತಲ್ಲ. ಆದಿಕಾಂಡದಲ್ಲಿ ಇಸಾಕನ ಆಳುಗಳು ಬಾವಿ ತೋಡುತ್ತಾರೆ. ಗೆರಾರಿನ ಕುರುಬರು ಬಂದು ಈ ನೀರು ನಮ್ಮದೆನ್ನುತ್ತಾರೆ. ಆ ಬಾವಿಗೆ ಏಸೆಕ್, ಅಂದರೆ ಜಗಳ ಎಂದು ಹೆಸರಾಗುತ್ತದೆ. ಎರಡನೆಯ ಬಾವಿಗೂ ತಕರಾರು. ಅದರ ಹೆಸರು ಸಿಟ್ನಾ, ಹಗೆತನ. ಮೂರನೆಯದಕ್ಕೆ ಯಾರೂ ಜಗಳವಾಡಲಿಲ್ಲ. ಅದು ರೆಹೋಬೋತ್, ವಿಶಾಲ ಸ್ಥಳ. ನಮ್ಮ ಬಡಾವಣೆಗಳ ಕ್ರೈಸ್ತ ಮನೆಗಳ ಗೇಟಿನ ಮೇಲೆ ‘ರೆಹೋಬೋತ್’ ಎಂಬ ಫಲಕವನ್ನು ನೀವು ಕಂಡಿರುತ್ತೀರಿ. ಮನೆಗೆ ಏಸೆಕ್ ಎಂದು ಹೆಸರಿಟ್ಟವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಒಳಗೆ ಏನೇ ಇರಲಿ!

ಈಗ ಹಕಾರದ ವಿಚಾರಕ್ಕೆ ಬರೋಣ. 1991ರ ಜೂನ್ ತಿಂಗಳಲ್ಲಿ ನ್ಯಾಯಮಂಡಳಿಯು 205 ಟಿ.ಎಂ.ಸಿ. ಅಡಿ ನೀರನ್ನು ತಮಿಳುನಾಡಿಗೆ ಬಿಡಬೇಕೆಂದು ಮಧ್ಯಂತರ ಆದೇಶ ನೀಡಿತ್ತು. ಅದು ಡಿಸೆಂಬರಿನಲ್ಲಿ ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದೊಡನೆ ಬೆಂಗಳೂರು ಹೊತ್ತಿಕೊಂಡಿತು. ಜೀವಗಳು ಹೋದವು, ತಮಿಳು ಮಾತಾಡುವ ಸಾವಿರಾರು ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಗಡಿಯಾಚೆಯ ತಾಳವಾಡಿಯ ಕಡೆ ಕನ್ನಡದ ಮನೆಗಳೂ ಅದೇ ಭಯವನ್ನು ಉಂಡವು. ಆಗ ನಾನಿನ್ನೂ ಹೊಸ ಮೇಷ್ಟ್ರು. ನಮ್ಮ ಪಕ್ಕದ ಮನೆಯಲ್ಲಿ ಹೊಸೂರಿನ ಕಡೆಯ ಒಂದು ಕುಟುಂಬವಿತ್ತು. ಮನೆಯ ಯಜಮಾನರು ಯಶವಂತಪುರದಾಚೆಯ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸಗಾರರು. ಭಾನುವಾರ ಪಾಳಿ ಮುಗಿಸಿ ನೇರವಾಗಿ ಬರುತ್ತಿದ್ದುದರಿಂದ, ತಮಿಳು ಪೂಜೆಯ ಹೊತ್ತಿನವರೆಗೆ ಕಾಯಲಾರದೆ ಬೆಳಗಿನ ಕನ್ನಡ ಪೂಜೆಗೇ ಬಂದು ನನ್ನ ಪಕ್ಕದಲ್ಲಿ ನಿಂತು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದರು. ಯಾವ ಭಾಷೆಗೆ ಯಾವ ಹೊತ್ತು ಎಂಬುದರ ಮೇಲೆ ನಮ್ಮ ಧರ್ಮಕೇಂದ್ರಗಳಲ್ಲಿ ಎಂತೆಂತಹ ಮಾತುಗಳಾಗಿವೆಯೆಂದು ನಿಮಗೇ ತಿಳಿದಿದೆ. ಅವರಿಗೆ ಅದರ ಗೊಡವೆಯಿರಲಿಲ್ಲ.

ಆ ವಾರದ ಒಂದು ಸಂಜೆ ಅವರು ನಮ್ಮ ಹಿತ್ತಲ ಬಾಗಿಲಿಗೆ ಬಂದರು. ‘ಮೇಷ್ಟ್ರೇ, ದಾರೀಲಿ ಯಾರಾದ್ರೂ ತಡೆದು ಮಾತಾಡ್ಸಿದ್ರೆ ನನ್ನ ಕನ್ನಡ ನಿಲ್ಲುತ್ತಾ? ಸ್ವಲ್ಪ ಕೇಳಿ ಹೇಳಿ’ ಎಂದರು. ಇಪ್ಪತ್ತು ವರ್ಷದಿಂದ ಕನ್ನಡ ಮಾತಾಡುತ್ತಿದ್ದ ಮನುಷ್ಯ! ಹೆಸರು, ಕೆಲಸ, ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದನ್ನೆಲ್ಲ ಒಪ್ಪಿಸಿದರು. ಎಲ್ಲವೂ ಚೆನ್ನಾಗಿಯೇ ಇತ್ತು. ಹಕಾರ ಮಾತ್ರ ಅವರಿಗೆ ಅಂಜಿಕೆಯಿದ್ದಾಗ ಹೊರಡುತ್ತಿರಲಿಲ್ಲ. ‘ಹಾಲು ತರೋಕೆ ಹೋಗ್ತಾ ಇದೀನಿ’ ಎನ್ನಬೇಕಾದಲ್ಲಿ ‘ಆಲು ತರೋಕೆ ಓಗ್ತಾ ಇದೀನಿ’ ಎಂದರು. ಅವರ ಊರನ್ನೇ ನೋಡಿ, ನಮಗೆ ಹೊಸೂರು, ತಮಿಳಿನ ಬರಹದಲ್ಲಿ ‘ಓಸೂರು’. ಮತ್ತೆ ಮತ್ತೆ ಹೇಳಿದರು, ಮತ್ತೆ ಮತ್ತೆ ಹಕಾರ ಜಾರಿತು. ಅವರ ಹಣೆಯಲ್ಲಿ ಬೆವರು ಕಂಡಿತು.

ಶ್ರೀಗ್ರಂಥದ ನ್ಯಾಯಸ್ಥಾಪಕರ ಭಾಗದಲ್ಲಿ ಇದೇ ಚಿತ್ರವಿದೆ. ಗಿಲ್ಯಾದಿನವರು ಜೋರ್ಡನ್ ನದಿಯ ಹಾಯಗಡಗಳನ್ನು, ಅಂದರೆ ಹೊಳೆ ದಾಟುವ ಜಾಗಗಳನ್ನು ಹಿಡಿದು ನಿಲ್ಲುತ್ತಾರೆ. ಸೋತು ಓಡಿಬಂದ ಎಫ್ರಾಯಿಮ್ಯರು ದಾಟಬೇಕೆಂದರೆ ‘ಷಿಬ್ಬೋಲೆತ್’ ಎನ್ನಬೇಕು. ಅವರ ನಾಲಗೆಗೆ ಷಕಾರ ಒಗ್ಗದು; ‘ಸಿಬ್ಬೋಲೆತ್’ ಎನ್ನುತ್ತಾರೆ, ಎಂದವರು ಅಲ್ಲಿಯೇ ಹತರಾಗುತ್ತಾರೆ. ಹಾಗೆ ಸತ್ತವರು 42,000 ಮಂದಿ ಎಂದು ಗ್ರಂಥ ಹೇಳುತ್ತದೆ. ಇಂಗ್ಲಿಷ್ ಆ ಪದವನ್ನು ಹಾಗೆಯೇ ಎತ್ತಿಕೊಂಡು, ನಮ್ಮವರು ಯಾರು, ಹೊರಗಿನವರು ಯಾರು ಎಂದು ಬೇರ್ಪಡಿಸುವ ಗುರುತಿನ ಮಾತಿಗೆ ಹೆಸರಾಗಿಸಿದೆ. ಹೀಬ್ರೂ ಭಾಷೆಯಲ್ಲಿ ಆ ಪದಕ್ಕೆ ಧಾನ್ಯದ ತೆನೆ ಎಂದೂ ಅರ್ಥ, ಹರಿಯುವ ಹೊಳೆ ಎಂದೂ ಅರ್ಥ. ಹೊಳೆಯ ದಡದಲ್ಲಿ ನಿಂತು ‘ಹೊಳೆ’ ಎಂದು ಸರಿಯಾಗಿ ಹೇಳಲಾರದ್ದಕ್ಕೆ ಕತ್ತು ಕಡಿದರೋ ಏನೋ. ಆ ಸಂಜೆ ನನ್ನ ಮನಸ್ಸಿಗೆ ಬಂದದ್ದು ಈ ಕಥೆ, ಆದರೆ ಅದನ್ನು ಅವರೆದುರು ಹೇಳುವ ಧೈರ್ಯ ನನಗಾಗಲಿಲ್ಲ.

ಮಾತಾಡಿದವರು ನಮ್ಮ ಅಜ್ಜಿ. ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದು, ಕನ್ನಡವಲ್ಲದೆ ಬೇರೊಂದು ಭಾಷೆಯ ಗಾಳಿಯನ್ನೂ ಸೋಕದವರು. ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತವರು ತಲೆಯೆತ್ತಿ, ‘ಏನಪ್ಪಾ ಅದು, ಆಲು ಅಂದ್ರೆ ಆಲೇ. ಅದ್ರಲ್ಲಿ ಸರಿ ಏನೈತೆ, ತಪ್ಪು ಏನೈತೆ?’ ಎಂದರು. ಅಜ್ಜಿಯ ಬಾಯಲ್ಲೂ ಹಕಾರ ಎಂದೂ ಇರಲಿಲ್ಲ. ಅವರಿಗೆ ಹೊಳೆ ‘ಒಳೆ’, ಹೆಬ್ಬಾಳ ‘ಎಬ್ಬಾಳ’. ನಮ್ಮ ಹಳ್ಳಿಗಾಡಿನ ಎಷ್ಟೋ ಮಂದಿಯದು ಅದೇ ನುಡಿ. ಬೀದಿಯಲ್ಲಿ ತಡೆದು ಕೇಳುವವರ ಪರೀಕ್ಷೆಯಲ್ಲಿ ನನ್ನ ಅಜ್ಜಿಯೂ ಅನುತ್ತೀರ್ಣರು. ‘ಹಂಗಾದ್ರೆ ಅಜ್ಜೀನೂ ನಮ್ಮ ಕಡೆಯವರೇ’ ಎಂದು ಅವರು ನಕ್ಕರು. ನಗುವಾಗ ಹಕಾರ ತಾನಾಗಿಯೇ ಬಂದಿತ್ತು. ಆ ರಾತ್ರಿ ಅವರು ಕೆಲಸಕ್ಕೆ ಹೋಗಲಿಲ್ಲ. ಅವರ ಇಬ್ಬರು ಮಕ್ಕಳು ಎರಡು ರಾತ್ರಿ ನಮ್ಮ ಒಳಕೋಣೆಯಲ್ಲಿ, ಅಜ್ಜಿಯ ಎಡಬಲಕ್ಕೆ ಮಲಗಿದರು. ಅಜ್ಜಿ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು.

ಅಂದು ಕಿತ್ತಯ್ಯನ ಕಲ್ಲು ಇನ್ನೂ ಮಣ್ಣಿನೊಳಗಿತ್ತು. ಪರೀಕ್ಷೆಗೆ ನಿಲ್ಲಿಸುವ ಆ ಹಕಾರವೇ ಕನ್ನಡದಲ್ಲಿ ನಡುವೆ ಬಂದು ಸೇರಿದ್ದೆಂಬುದಕ್ಕೆ ನಮ್ಮ ಬಡಾವಣೆಗೆ ಇಷ್ಟು ಹತ್ತಿರದಲ್ಲಿ ಕಲ್ಲಿನ ಸಾಕ್ಷಿಯಿದೆಯೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಆ ಕಾಲದಲ್ಲಿ ಹೆಬ್ಬಾಳದವನೂ ಹೊಸೂರಿನವನೂ ಹಾಲು ಕೇಳಬೇಕಾದರೆ ಬಾಯಲ್ಲಿ ಪಕಾರವನ್ನೇ ಇಟ್ಟುಕೊಂಡು ಕೇಳಬೇಕಿತ್ತು.

ಅವರು ನಿವೃತ್ತರಾಗಿ ತಮ್ಮ ಊರಿಗೆ ಹಿಂದಿರುಗಿ ಹಲವು ವರ್ಷಗಳಾದವು. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟೆಯ ಕಾಲುವೆಯ ಅಂಚಿನಲ್ಲಿ ಅವರಿಗೆ ಒಂದಿಷ್ಟು ಗದ್ದೆಯಿದೆ. ಆ ಅಣೆಕಟ್ಟೆ ಯಾವ ನದಿಗೆ ಅಡ್ಡಲಾಗಿ ಕಟ್ಟಿದ್ದು ಗೊತ್ತೇ? ದಕ್ಷಿಣ ಪಿನಾಕಿನಿಗೆ. ತಮಿಳುನಾಡಿನವರು ಅದನ್ನು ತೆನ್‌ಪೆಣ್ಣೈ ಎನ್ನುತ್ತಾರೆ. ಅದು ಮುಂದೆ ಕಡಲೂರಿನ ಹತ್ತಿರ ಸಮುದ್ರ ಸೇರುತ್ತದೆ. ಈಗ ನೋಡಿ ಲೆಕ್ಕವನ್ನು. ನ್ಯಾಯಮಂಡಳಿ, ನ್ಯಾಯಾಲಯಗಳಲ್ಲಿ ಅಳೆದು ಪಡೆದ ಕಾವೇರಿ ನಮ್ಮ ಮನೆಯ ನಲ್ಲಿಗೆ ಏರಿ ಬರುತ್ತಾಳೆ. ನಾವು ಮುಖ ತೊಳೆದು, ಪಾತ್ರೆ ತೊಳೆದು ಬಿಟ್ಟ ಆ ನೀರು ಏಣಿನ ಪೂರ್ವಕ್ಕೆ ಇಳಿಯುತ್ತದೆ. ಅದರ ಒಂದು ಪಾಲನ್ನು ಶುದ್ಧಮಾಡಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಕೊಳವೆಯಲ್ಲಿ ಕಳುಹಿಸುತ್ತಾರೆ. ಉಳಿದದ್ದು ಪಿನಾಕಿನಿಯ ದಾರಿ ಹಿಡಿದು ತಮಿಳುನಾಡಿಗೇ ಹೋಗುತ್ತದೆ. ಬೆಂಗಳೂರಿನ ಕೊಳೆ ಸೇರಿದ ನೀರಿನಿಂದಾಗಿ ಕೆಲವರಪಳ್ಳಿಯ ಕೆಳಗೆ ನದಿಯ ಮೇಲೆ ಬಿಳಿಯ ನೊರೆ ರಾಶಿರಾಶಿಯಾಗಿ ಏಳುವುದನ್ನು ಪತ್ರಿಕೆಗಳು ಮತ್ತೆ ಮತ್ತೆ ವರದಿ ಮಾಡಿವೆ.

ಪ್ರತಿ ಮಳೆಗಾಲದಲ್ಲಿ ಅಣೆಕಟ್ಟೆಯ ಬಾಗಿಲು ತೆರೆದಾಗ ಅವರ ದೂರವಾಣಿ ಕರೆ ಬರುತ್ತದೆ. ವಯಸ್ಸು ಎಂಬತ್ತು ದಾಟಿದ್ದರೂ ಕಂಠ ಹಿಂದಿನಂತೆಯೇ ಗಟ್ಟಿ. ‘ಮೇಷ್ಟ್ರೇ, ಓಸೂರಿಂದ ಮಾತಾಡ್ತಾ ಇದೀನಿ. ನಿಮ್ಮ ಮನೆ ನೀರು ನಮ್ಮ ಗದ್ದೆಗೆ ಬಂತು. ಅಮ್ಮಾವ್ರಿಗೆ ಹೇಳಿ, ಸೋಪಿನ ಪುಡಿ ಸ್ವಲ್ಪ ಕಮ್ಮಿ ಆಕ್ಲಿ.’